ದುಂಡಗೆ ನಿಂತವರು

ಗಂಟೆಯ ನಾಲಿಗೆಗೆ ತೊಗಲು ಯಾವ ಕಡೆ ಕಟ್ಟಬೇಕೆಂಬುದು ಡೆನ್ಜಿಲ್‌ಗೆ ಗೊತ್ತಿತ್ತು. ಗೊತ್ತಿದೆಯೆಂದು ಎಲ್ಲರಿಗೂ ಹೇಳಿಯೂ ಆಗಿತ್ತು. ಹೇಳಿಬಿಟ್ಟದ್ದು ದುಡುಕಾಯಿತೇನೋ ಎಂದು ಈಗ, ಟೋಸ್ಟಿಗೆ ಬೆಣ್ಣೆ ಸವರುತ್ತ ಕುಳಿತಾಗ ಅನಿಸತೊಡಗಿತ್ತು. ಎಡಗಡೆ. ಎಡಗಡೆಯೇ. ಟಾರ್ಚಿನ ಬೆಳಕಿನಲ್ಲಿ ಈಗ ತೀರಿಕೊಂಡಿರುವ ವಿಲ್ಫ್‌ನ ದಪ್ಪ ಬೆರಳುಗಳು ಪಟ್ಟಿಯನ್ನು ಬಿಗಿದದ್ದು ಎಡಗಡೆಗೆ, ಅದು ಕಣ್ಣಿಗೆ ಕಟ್ಟಿದಂತಿದೆ. ಆದರೆ ಕಣ್ಣಿಗೆ ಕಟ್ಟಿದ್ದನ್ನೂ ತೀರಾ ತಿರುತಿರುಗಿ ನೋಡಿದರೆ ಸವೆದುಹೋಗುತ್ತದೆ. ಎದ್ದಾಗಿನಿಂದ ಅದನ್ನೇ ನೋಡಿ ನೋಡಿ ಈಗ ಬೆರಳುಗಳು ಮಾತ್ರ ಉಳಿದಿದ್ದವು, ಕಡೆ ಉಳಿದಿರಲಿಲ್ಲ. "ಬೆಣ್ಣೆ ಸವರ್ತಿದೀಯೋ, ಗೋಡೆಗೆ ಸುಣ್ಣ ಬಳೀತಿದೀಯೋ?" ಎಂದಳು ಬೆರಿಲ್. ಗಂಡನ ಕಪ್ಪು ಕೋಟಿಗೆ ಗುಂಡಿ ಹೊಲಿಯುತ್ತಿದ್ದವಳು ತಲೆಯೆತ್ತಿರಲಿಲ್ಲ, ಆದರೂ ಅವಳಿಗೆ ಎಲ್ಲವೂ ಕಾಣುತ್ತದೆ. ಅವನ ಜೊತೆ ಗಂಟೆ ಬಾರಿಸುವ ಗಿಲಿಯನ್ ತಾನೂ ಬರುತ್ತೇನೆಂದಾಗ ಬೇಡವೆಂದದ್ದೇಕೆ ಎಂದು ಕೇಳಿದಳು. ವಿಲ್ಫ್‌ನ ಹೆಂಡತಿ ಐವಿ ತನ್ನೊಬ್ಬನಿಗೇ ಹೇಳಿಕಳಿಸಿದ್ದು, ವಿಲ್ಫ್ ತನಗೇ ತೋರಿಸಿಕೊಟ್ಟಿದ್ದು ಎಂದು ಅವನೆಂದ. ತೋರಿಸಿಕೊಟ್ಟಿದ್ದು ಯಾವ ಕಾಲದಲ್ಲಿ ಎಂದು ಅವಳು ಕೇಳಿದಳು. ಅವನು ಟೋಸ್ಟಿನ ಇನ್ನೊಂದು ಬದಿಗೂ ಬೆಣ್ಣೆ ಸವರಿದ. "ಐವಿ ನಿನ್ನ ಹೆಸರು ಹೇಳಿದ್ಲು ಅಂತ ನಿನಗೆ ಸೊಕ್ಕು ಕಣೋ," ಎಂದು ಅವಳು ದಾರವನ್ನು ಹಲ್ಲಿನಿಂದ ಕಡಿದಳು. ಹೌದು, ಸೊಕ್ಕೇ ಎಂದು ಅವನು ಒಪ್ಪಿಕೊಂಡ. ಅರವತ್ತು ದಾಟಿದ ಮೇಲೆ ಬಂದ ಸೊಕ್ಕು, ಬೇಡವೆನ್ನಲು ಅವನಿಗೆ ಮನಸ್ಸಿರಲಿಲ್ಲ.

ಗಂಟೆ ಬಾರಿಸುವವರಲ್ಲೋ ಚರ್ಚಿಗೆ ಬೇಕಾದವರಲ್ಲೋ ಒಬ್ಬರು ಸತ್ತರೆ ಚರ್ಚಿನ ಗೋಪುರದ ಆರೂ ಗಂಟೆಗಳ ನಾಲಿಗೆಯ ಒಂದು ಬದಿಗೆ ಮಾತ್ರ ತೊಗಲಿನ ಮೆತ್ತೆ ಕಟ್ಟುತ್ತಾರೆ. ಗಂಟೆ ಒಂದು ಪೂರ್ತಿ ಸುತ್ತು ತಿರುಗಿ ಬಡಿದಾಗ ಬಿಚ್ಚುದನಿ. ಮರುಸುತ್ತು ಹಿಂದಕ್ಕೆ ತಿರುಗಿ ಬಡಿದಾಗ ಅದೇ ದನಿ ಗುಡ್ಡದ ಆಚೆಯಿಂದ ಬಂದ ಹಾಗೆ ಮಂದ. ಮೊದಲು ಕೂಗು, ಆಮೇಲೆ ಅದರ ನೆರಳು. ಬದುಕಿದ್ದವನೂ ಹೋದವನೂ ಒಬ್ಬರ ಹಿಂದೊಬ್ಬರು ಮಾತಾಡಿದಂತೆ ಎಂದು ಪಾದ್ರಿ ಒಮ್ಮೆ ಹೇಳಿದ್ದರು. ಪಾದ್ರಿಗಳು ಹಾಗೇ, ಎಲ್ಲದಕ್ಕೂ ಒಂದು ಅರ್ಥ ಹೇಳುತ್ತಾರೆ. ಅರ್ಥ ಏನೇ ಇರಲಿ, ಆ ಕಣಿವೆಯ ಊರುಗಳಲ್ಲಿ ಗೋಪುರದ ಮುಖಂಡನಿಗೆ ಸಲ್ಲಬೇಕಾದ ದೊಡ್ಡ ಮರ್ಯಾದೆ ಇದೊಂದೇ. ಹೂವು ಬಾಡುತ್ತದೆ, ಭಾಷಣ ಮರೆತುಹೋಗುತ್ತದೆ. ವಿಲ್ಫ್ರೆಡ್ ಲಸ್ಕೂಂಬ್‌ನಿಗೆ ಗಂಟೆ ಹೇಗೆ ಬಾರಿಸಿದರು ಎಂಬುದನ್ನು ಮಾತ್ರ ಹೊಳೆಯ ಆಚೆಯ ಊರಿನವರೂ ಎಷ್ಟೋ ವರ್ಷ ಹೇಳಿಕೊಂಡು ಓಡಾಡುತ್ತಾರೆ. ಇಷ್ಟು ವರ್ಷ ಸತ್ತವರಿಗೆಲ್ಲ ತೊಗಲು ಕಟ್ಟಿದವನು ವಿಲ್ಫ್. ಅವನಿಗೆ ಕಟ್ಟುವುದು ಇವತ್ತು ಡೆನ್ಜಿಲ್‌ನ ಪಾಲಿಗೆ ಬಂದಿತ್ತು. ಆ ಮನುಷ್ಯನ ಋಣ ತೀರಿಸಲು ತನ್ನಲ್ಲಿ ಬೇರೇನೂ ಇಲ್ಲ, ಇದೊಂದನ್ನು ಸರಿಯಾಗಿ ಮಾಡಿದರೆ ಸಾಕು ಎಂದು ಅವನು ಅಂದುಕೊಂಡಿದ್ದ.

ಬೇಲಿಗಳ ನಡುವಿನ ಇಳಿಜಾರು ದಾರಿಯಲ್ಲಿ ತೊಗಲಿನ ಮೆತ್ತೆಗಳ ಚೀಲ ಹೆಗಲಿಗೇರಿಸಿ ಹೊರಟಾಗ ಕಾಲು ತಾನಾಗಿಯೇ ಒಂದೊಂದು ಗೇಟಿನ ಮುಂದೆ ತಡವರಿಸಿತು. ಈ ಕಾಲಿಗೆ ಇನ್ನೂ ಬುದ್ಧಿ ಬಂದಿಲ್ಲ. ಆ ಕಣಿವೆಯ ಜನಕ್ಕೆ ರೌಂಡು ಎನ್ನುವ ಒಂದು ಮಾತಿದ್ದರೆ ಅರ್ಧ ಬದುಕು ನಡೆದುಹೋಗುತ್ತದೆ. ಪಬ್ಬಿನಲ್ಲಿ ಎಲ್ಲರಿಗೂ ಬಿಯರ್ ಕೊಡಿಸುವ ಸರದಿ ಬಂದರೆ ಅದು ರೌಂಡು, ಮುದುಕರ ಗಾಯ ತೊಳೆಯಲು ಮನೆಮನೆಗೆ ಹೋಗುವ ನರ್ಸಿನದು ರೌಂಡು, ಶಾಲೆಯಲ್ಲಿ ಮಕ್ಕಳು ಒಬ್ಬರ ಹಿಂದೊಬ್ಬರು ಅದೇ ಸಾಲನ್ನು ಹಿಡಿದು ಹಾಡಿದರೆ ಅದೂ ರೌಂಡು, ಕೊನೆಗೆ ತಟ್ಟೆಯಲ್ಲಿ ಸ್ಯಾಂಡ್‌ವಿಚ್ ಇಟ್ಟರೂ ರೌಂಡೇ. ಅದು ಚೌಕವಾಗಿದ್ದರೂ ಯಾರೂ ಕೇಳುವುದಿಲ್ಲ. ಡೆನ್ಜಿಲ್‌ಗೆ ಮಾತ್ರ ಬಹಳ ಕಾಲ ಆ ಮಾತಿಗೆ ಇದ್ದದ್ದು ಒಂದೇ ಅರ್ಥ. ಅದು ಹಾಲಿನ ರೌಂಡು. ಕತ್ತಲಲ್ಲಿ ಡೈರಿಯ ಗೇಟಿನಿಂದ ಹೊರಟು, ಸೇತುವೆ ದಾಟಿ, ಚರ್ಚಿನ ಗೋಡೆಯನ್ನು ಬಳಸಿ, ಮೇಲಿನ ಫಾರ್ಮುಗಳಿಗೆ ಹತ್ತಿ, ಬೆಳಕಾಗುವಷ್ಟರಲ್ಲಿ ಮತ್ತೆ ಡೈರಿಯ ಗೇಟು. ಉಳಿದವರಿಗೆ ದುಂಡಗಿನ ಆಕಾರ, ಅವನಿಗೆ ಅನ್ನ. ಊರನ್ನು ಅವನು ಬಲ್ಲದ್ದು ಖಾಲಿ ಬಾಟಲಿಗಳಿಂದ. ಒಂದು ಬಾಟಲಿ ಹೆಚ್ಚಾದರೆ ನೆಂಟರು, ಕಮ್ಮಿಯಾದರೆ ಜಗಳ, ತೊಳೆಯದೆ ಇಟ್ಟರೆ ಕಾಯಿಲೆ. ಮುಖಗಳನ್ನು ಅವನು ನೋಡಿದ್ದೇ ಕಮ್ಮಿ. ಬಾಗಿಲುಗಳನ್ನು ನೋಡಿದ್ದ, ಪರದೆಯ ಅಂಚನ್ನು ನೋಡಿದ್ದ, ಕೆಲವೊಮ್ಮೆ ಪರದೆಯ ಅಂಚಿನಲ್ಲಿ ಒಂದು ಕೈ. ಜನ ಪೇಟೆಯ ದೊಡ್ಡಂಗಡಿಯಿಂದ ಪ್ಲಾಸ್ಟಿಕ್ ಕ್ಯಾನಿನ ಹಾಲು ತರಲು ಶುರುಮಾಡಿದ ಮೇಲೆ ಡೈರಿಯವರು ರೌಂಡು ನಿಲ್ಲಿಸಿದರು. ಯಾರನ್ನು ಬೈಯುವುದು? ಒಮ್ಮೆ ಬೆರಿಲ್ ಕೂಡ ಆ ಕ್ಯಾನು ತಂದು ಬಟ್ಟೆಯಡಿ ಮುಚ್ಚಿಟ್ಟಿದ್ದಳು. ಕಂಡೂ ಕಾಣದವನಂತೆ ಅವನು ಚಹಾ ಕುಡಿದಿದ್ದ.

ಕೆಲಸ ಹೋದರೂ ಕತ್ತಲಲ್ಲೇ ಎಚ್ಚರವಾಗುವುದು ಹೋಗಲಿಲ್ಲ. ಎದ್ದು ಬೂಟು ಹಾಕಿ ಬರಿಗೈಯಲ್ಲಿ ಅದೇ ದಾರಿ ಸುತ್ತಿ ಬರುತ್ತಿದ್ದ. ಹಾಲಿಲ್ಲ, ಗಾಡಿಯಿಲ್ಲ, ಬಾಟಲಿಗಳ ಕಿಣಿಕಿಣಿಯಿಲ್ಲ. ಒಬ್ಬರ ಮನೆಯ ನಾಯಿ, ಇಷ್ಟು ವರ್ಷ ಬಾಲ ಅಲ್ಲಾಡಿಸುತ್ತಿದ್ದದ್ದು, ಬೊಗಳಲು ಶುರುಮಾಡಿತು. ಅದಕ್ಕೂ ಗೊತ್ತಾಗಿತ್ತು, ಈಗ ಇವನು ಕೆಲಸವಿಲ್ಲದೆ ಸುಳಿಯುವವನು ಎಂದು. ಆ ಅವಮಾನ ಅವನನ್ನು ಡೈರಿಯವರು ಕೈಕುಲುಕಿ ಕಳಿಸಿದ್ದಕ್ಕಿಂತ ಹೆಚ್ಚು ನೋಯಿಸಿತು. ಚರ್ಚಿನ ಮೆಟ್ಟಿಲು ಗುಡಿಸುತ್ತಿದ್ದ ವಿಲ್ಫ್ ಕೆಲವು ಬೆಳಗು ಸುಮ್ಮನೆ ನೋಡಿದ. ಒಂದು ದಿನ ಪೊರಕೆಗೆ ಗಡ್ಡದ ಗಲ್ಲ ಊರಿ, "ಹಾಲಿಲ್ಲ, ಬಾಟಲಿ ಇಲ್ಲ, ಯಾರ ಬಾಗಿಲಿಗೆ ಹೋಗ್ತಿದೀಯೋ ದಿನಾ?" ಎಂದ. ಡೆನ್ಜಿಲ್ ಬಾಯಿ ತೆರೆದ. ಬಂದದ್ದು ಕಣ್ಣಿಂದ ನೀರು. ಗಂಡಸು ಅತ್ತರೆ ಆ ಊರಿನಲ್ಲಿ ನೋಡಿದವನು ನೆಲ ನೋಡುತ್ತಾನೆ. ವಿಲ್ಫ್ ನೆಲ ನೋಡುತ್ತ, ಇಲ್ಲದ ಎಲೆಯನ್ನು ಗುಡಿಸುತ್ತ, ತಮ್ಮಲ್ಲಿ ಒಬ್ಬ ಕಮ್ಮಿ ಇದ್ದಾನೆ, ಗಂಟೆಯ ಒಂದು ಹಗ್ಗವನ್ನು ಗೋಡೆಗೆ ಕಟ್ಟಿಹಾಕಿದ್ದೇವೆ, ನೋಡಲು ಚೆನ್ನಾಗಿಲ್ಲ, ಸಂಜೆ ಬಾ ಎಂದ. ದಯೆ ತೋರಿಸಿದಂತೆ ಕಾಣಲಿಲ್ಲ. ಹಗ್ಗಕ್ಕೆ ಆಳು ಬೇಕಾದಂತೆ ಕಂಡಿತು. ಹಾಗೆ ಕಂಡದ್ದಕ್ಕೇ ಡೆನ್ಜಿಲ್ ಆ ಸಂಜೆ ಹೋಗಲು ಆದದ್ದು.

ಈಗ ಅದೇ ಮೆಟ್ಟಿಲು ದಾಟಿ ಗೋಪುರದ ಬುಡದ ಗಂಟೆಮನೆಗೆ ಬಂದರೆ ಚಾವಣಿಯ ತೂತುಗಳಿಂದ ಇಳಿದ ಆರು ಹಗ್ಗಗಳು ದುಂಡಗೆ ನಿಂತಿದ್ದವು, ಒಂದೊಂದರ ನಡುವಿನ ಬಣ್ಣದ ಉಣ್ಣೆಯ ಹಿಡಿಯನ್ನು ಮಡಿಸಿ ಮೇಲೆ ಸಿಕ್ಕಿಸಿದ್ದರು. ಏಣಿ ಹತ್ತಿದ. ಹಲಗೆಬಾಗಿಲನ್ನು ತಲೆಯಿಂದ ಎತ್ತಿ ಒಳಗೆ ನುಸುಳಿದ. ಪಾರಿವಾಳದ ಹಿಕ್ಕೆ, ಎಣ್ಣೆ, ತಣ್ಣಗಿನ ಕಂಚು. ಆರು ಗಂಟೆಗಳೂ ಬಾಯಿ ಕೆಳಗಾಗಿ, ಮಲಗಿದ ದನಗಳಂತೆ ನಿಶ್ಚಿಂತೆಯಾಗಿದ್ದವು. ಕಿರಿಯ ಗಂಟೆಯ ಕೆಳಗೆ ಮಂಡಿಯೂರಿ ನಾಲಿಗೆಯನ್ನು ಕೈಯಲ್ಲಿ ಹಿಡಿದ. ಎಡಗಡೆ ಎಂದುಕೊಂಡ. ಹಿಡಿದ ಕೂಡಲೇ ಇನ್ನೊಂದು ನೆನಪಾಯಿತು. ಹಳೆಯ ಪಾದ್ರಿ ತೀರಿಕೊಂಡಾಗ ವಿಲ್ಫ್ ಕಟ್ಟಿದ, ತಾನು ಟಾರ್ಚು ಹಿಡಿದಿದ್ದ. ಟಾರ್ಚು ಹಿಡಿದದ್ದು ಎಲ್ಲಿ ನಿಂತು? ವಿಲ್ಫ್‌ನ ಬೆನ್ನ ಹಿಂದೆಯೋ, ಗಂಟೆಯ ಆಚೆ ಬದಿಯಿಂದ ಅವನಿಗೆ ಎದುರಾಗಿಯೋ? ಎದುರಾಗಿದ್ದರೆ ತನ್ನ ಎಡ ಅವನ ಬಲ. ಅವನ ಮುಖ ನೆನಪಿತ್ತಲ್ಲ, ಪಟ್ಟಿಯನ್ನು ಹಲ್ಲಲ್ಲಿ ಕಚ್ಚಿಕೊಂಡ ಮುಖ? ಅಥವಾ ಆ ಮುಖ ಬೇರೆ ಯಾವುದೋ ದಿನದ್ದೋ? ಕೆಳಗೆ ಬಾಗಿಲ ಸದ್ದಾಯಿತು, ಗಿಲಿಯನ್ ಬಂದಿದ್ದಳು. ಶಾಲೆಯ ಅಡುಗೆಮನೆಯಲ್ಲಿ ಜೀವಮಾನ ಕಳೆದವಳು, ಅವಳು ನಡೆದರೆ ಪಾತ್ರೆ ಸದ್ದಾದಂತೆ ಕೇಳುತ್ತದೆ. ಎಲ್ಲ ಸರಿಯಾಗಿದೆಯಾ ಎಂದು ಏಣಿಯ ಬುಡದಿಂದ ಕೂಗಿದಳು. ಕೇಳಬಹುದಿತ್ತು. ಒಂದು ಮಾತು, ಯಾವ ಕಡೆ ಗಿಲಿಯನ್ ಎಂದಿದ್ದರೆ ಮುಗಿದುಹೋಗುತ್ತಿತ್ತು, ಅವಳು ಬೈಯುತ್ತ ಹತ್ತಿ ಬಂದು ತೋರಿಸುತ್ತಿದ್ದಳು. "ಎಲ್ಲ ಸರಿಯಿದೆ," ಎಂದ. ಆಮೇಲೆ ಕಿರಿಯದಕ್ಕೆ ತನ್ನ ನೆನಪಿನ ಎಡಕ್ಕೆ ಕಟ್ಟಿದ, ಗಂಟೆಯನ್ನು ತಿರುಗಿಸುವ ಚಕ್ರದಿಂದ ಹಗ್ಗ ಇಳಿಯುವ ಕಡೆ ಯಾವುದು, ಮೆತ್ತೆಯ ಕಡೆ ಯಾವುದು ನೋಡಿಕೊಂಡ, ಉಳಿದ ಐದಕ್ಕೂ ಅದೇ ಲೆಕ್ಕದಲ್ಲಿ ಬಿಗಿಯಾಗಿ, ನೀಟಾಗಿ ಕಟ್ಟಿದ. ಒಂದೊಂದು ಬಕಲ್ಲನ್ನೂ ಎರಡೆರಡು ಸಲ ಎಳೆದು ನೋಡಿದ. ಬಿಗಿಯಾಗಿ ಕಟ್ಟಿದರೆ ಸರಿಯಾಗಿ ಕಟ್ಟಿದಂತೆ ಎಂದು ಮನಸ್ಸಿಗೆ ಸಮಾಧಾನ ಹೇಳಿಕೊಂಡು ಇಳಿದ.

ಗಂಟೆ ಕಲಿಸುವಾಗ ವಿಲ್ಫ್ ಎದುರಿಗೆ ನಿಂತು ತನ್ನ ಕೈಗಳನ್ನು ಡೆನ್ಜಿಲ್‌ನ ಕೈಗಳ ಮೇಲಿಟ್ಟು ಎಳೆಸುತ್ತಿದ್ದ. ಗಂಡಸಿನ ಕೈ ಗಂಡಸಿನ ಕೈ ಮೇಲೆ ಅಷ್ಟು ಹೊತ್ತು ಇರುವುದು ಆ ಊರಿನಲ್ಲಿ ಬೇರೆಲ್ಲೂ ನಡೆಯದು. ಹಗ್ಗ ಮೇಲಕ್ಕೆ ಓಡುವಾಗ ಬಿಡಬೇಕು, ಹಿಡಿದರೆ ನಿನ್ನನ್ನೂ ಚಾವಣಿಗೆ ಎತ್ತಿಕೊಂಡು ಹೋಗುತ್ತದೆ. ಬಿಟ್ಟದ್ದು ಬಂದೇ ಬರುತ್ತದೆ, ಬಂದಾಗ ಕೈ ಅಲ್ಲಿರಬೇಕು, ಅಷ್ಟೇ ವಿದ್ಯೆ ಎನ್ನುತ್ತಿದ್ದ. ಕಿರಿಯದರಿಂದ ಹಿರಿಯದರವರೆಗೆ ಆರು ದನಿ ಮೆಟ್ಟಿಲು ಇಳಿದ ಹಾಗೆ, ಮತ್ತೆ ಮೊದಲಿನಿಂದ, ಮತ್ತೆ ಮೊದಲಿನಿಂದ. ಅವರು ಅದನ್ನೂ ರೌಂಡು ಎಂದೇ ಕರೆಯುವುದು. ಎಲ್ಲರಿಗಿಂತ ಮೊದಲು ಕಲಿಸುವುದು ಅದು. ಇದೊಂದು ನೆಟ್ಟಗೆ ಬಂದರೆ ಮಿಕ್ಕಿದ್ದೆಲ್ಲ ಶೋಕಿ ಎಂದು ವಿಲ್ಫ್‌ನ ಮತ. ಮೊದಲ ಸಲ ಆರು ಜನರ ನಡುವೆ ನಿಂತು ಹಗ್ಗ ಹಿಡಿದಾಗ ಡೆನ್ಜಿಲ್ ತಬ್ಬಿಬ್ಬಾದದ್ದು ಗಂಟೆಯಿಂದಲ್ಲ, ಮುಖಗಳಿಂದ. ದುಂಡಗೆ ನಿಂತವರು ಒಬ್ಬರನ್ನೊಬ್ಬರು ನೋಡಲೇಬೇಕು, ನೋಡದಿದ್ದರೆ ಯಾರ ಹಿಂದೆ ಎಳೆಯಬೇಕೆಂದು ತಿಳಿಯದು. ಹೊಸಿಲಾಚೆ ಬಾಟಲಿಯಿಟ್ಟು ಹೋಗುತ್ತಿದ್ದವನನ್ನು ಐದು ಜೊತೆ ಕಣ್ಣು, ಅವನಿಲ್ಲದೆ ತಮ್ಮ ಕೆಲಸ ಆಗದೆಂಬಂತೆ, ನೋಡುತ್ತಿದ್ದವು. ಆ ದಿನ ಮನೆಗೆ ಹೋಗಿ ಅವನು ಬೆರಿಲ್‌ಗೆ ಏನೂ ಹೇಳಲಿಲ್ಲ. ಎರಡು ಸಲ ಊಟ ಬಡಿಸಿಕೊಂಡ. ವಿಲ್ಫ್‌ನಿಗೂ ಏನೂ ಹೇಳಲಿಲ್ಲ. ಇವತ್ತು ಹೇಳೋಣ, ನಾಳೆ ಹೇಳೋಣ ಎನ್ನುತ್ತ ವರ್ಷಗಳು ಹೋದವು. ಆಸ್ಪತ್ರೆಗೆ ನೋಡಲು ಹೋದಾಗಲೂ ಆಡಿದ್ದು ಹವೆಯ ಮಾತು.

ಮಧ್ಯಾಹ್ನ ಎಲ್ಲರೂ ಸೇರಿದರು. ಹಿರಿಯ ಗಂಟೆಗೆ ಮಾಂಸದಂಗಡಿಯ ಕ್ಲೈವ್, ಬಾಗಿಲಿಗೆ ಅಡ್ಡವಾಗುವಂಥ ಆಳು. ವಿಲ್ಫ್‌ನ ಹಗ್ಗಕ್ಕೆ ಪಕ್ಕದ ಊರಿನ ಗೋಪುರದಿಂದ ಒಬ್ಬನನ್ನು ಕರೆಸಿದ್ದರು. ತೆಳ್ಳಗಿನ ಮೀಸೆಯ ಆ ಮನುಷ್ಯ ಗೋಡೆಯ ಮೇಲಿನ ಹಳೆಯ ಫಲಕಗಳನ್ನು ತಪ್ಪು ಹುಡುಕುವವನಂತೆ ಓದುತ್ತಿದ್ದ. ಗಂಟೆಗಳನ್ನು ತೂಗಿ ತೂಗಿ ಮೇಲಕ್ಕೇರಿಸಿದರು. ಏರಿಸುವಾಗ ದನಿಗಳು ಒಂದರ ಮೇಲೊಂದು ಬಿದ್ದು ಗಜಿಬಿಜಿ, ಏನೂ ತಿಳಿಯುವುದಿಲ್ಲ. ಬಾಯಿ ಮೇಲಾಗಿ ನಿಲ್ಲಿಸಿ ಕಾದರು. ಸಣ್ಣ ಕಿಟಕಿಯಿಂದ ಗಿಲಿಯನ್ ನೋಡುತ್ತಿದ್ದಳು; ಶವದ ಗಾಡಿ ಚರ್ಚಿನ ಗೇಟಿನಲ್ಲಿ ತಿರುಗಿದ್ದೇ ಬಂದು ಕಿರಿಯ ಗಂಟೆಯ ಹಗ್ಗ ಹಿಡಿದು, "ಹುಷಾರು. ಕಿರಿಯದು ಹೊರಟಿತು. ಹೋಯ್ತು," ಎಂದು ಬಾರಿಸಲು ಶುರುಮಾಡುವ ಕೂಗು ಹಾಕಿದಳು. ಮೊದಲ ಸಾಲು ಹತ್ತಿ ತುಂಬಿದ ಬಾಯಿಂದ ಬಂದಂತೆ ಬಂತು. ತನ್ನ ಕಿವಿ ಕಟ್ಟಿತೆಂದು ಡೆನ್ಜಿಲ್ ಅಂದುಕೊಂಡ. ಎರಡನೆಯ ಸಾಲು ಢಣಢಣನೆ ಇಡೀ ಕಣಿವೆಗೆ ಬಿಚ್ಚಿಕೊಂಡಿತು. ಮತ್ತೆ ಮಂದ. ಮತ್ತೆ ಜೋರು. ನೆರಳು ಮುಂದೆ, ಕೂಗು ಹಿಂದೆ. ಕಟ್ಟಿದ್ದು ತಪ್ಪು ಕಡೆಗೆ. ಕೈ ಮಾತ್ರ ಎಳೆಯುತ್ತಲೇ ಇತ್ತು.

ಬೇರೆ ಎಲ್ಲೇ ಮರ್ಯಾದೆ ಹೋದರೂ ಗೋಡೆಗೆ ಮುಖ ತಿರುಗಿಸಬಹುದು, ಬೂಟಿನ ಲೇಸು ಕಟ್ಟಲು ಬಗ್ಗಬಹುದು. ಇಲ್ಲಿ ಆಗದು. ಹಗ್ಗ ಬಿಟ್ಟರೆ ಗಂಟೆ ಹುಚ್ಚು ಹಿಡಿದು ತಿರುಗಿ ಯಾರ ತಲೆಯನ್ನಾದರೂ ತೆಗೆಯುತ್ತದೆ. ಹಗ್ಗ ಹಿಡಿದರೆ ಎದುರಿನವರನ್ನು ನೋಡುತ್ತಲೇ ಇರಬೇಕು, ಅವರೂ ನೋಡುತ್ತಲೇ ಇರುತ್ತಾರೆ. ಕ್ಲೈವ್‌ನ ಕಣ್ಣು ದೊಡ್ಡದಾಯಿತು. ಮೀಸೆಯವನ ತುಟಿಯ ಒಂದು ತುದಿ ಮೇಲಕ್ಕೆ ಹೋಯಿತು. ಗಿಲಿಯನ್ ಚಾವಣಿಯತ್ತ ಒಮ್ಮೆ, ಡೆನ್ಜಿಲ್‌ನತ್ತ ಒಮ್ಮೆ ನೋಡಿದಳು. ಮೂರು ಊರಿಗೆ ಡಂಗುರ ಹೊಡೆದಂತೆ ಅವನ ತಪ್ಪನ್ನು ಅವನ ಕೈಯೇ ಸಾರುತ್ತಿತ್ತು, ಒಂದು ಸುತ್ತಿಗೆ ಒಂದು ಸಲದಂತೆ. ನಿಲ್ಲಿಸಲೇ ಎಂದು ಕ್ಲೈವ್ ತುಟಿಯಲ್ಲೇ ಕೇಳಿದ. ನಿಲ್ಲಿಸಿದರೆ ಗಂಟೆ ಇಳಿಸಿ, ಹತ್ತಿ, ಆರನ್ನೂ ಬಿಚ್ಚಿ ಕಟ್ಟಿ, ಮತ್ತೆ ಏರಿಸುವ ತನಕ ವಿಲ್ಫ್ ಗೇಟಿನಲ್ಲಿ ಮೌನದಲ್ಲಿ ಕಾಯಬೇಕು. "ನಿಲ್ಲಿಸ್ಬೇಡಿ. ಹೀಗೇ ಚೆನ್ನಾಗಿ ಬಾರ್ಸಿ," ಎಂದಳು ಗಿಲಿಯನ್. ಬಾರಿಸಿದರು. ತಪ್ಪು ಮೆತ್ತೆಯ ಮೇಲೆ ಅಷ್ಟು ಸರಿಯಾದ ರೌಂಡನ್ನು ಆ ಗೋಪುರದವರು ಹಿಂದೆಂದೂ ಬಾರಿಸಿರಲಿಲ್ಲವೇನೋ. ಅವನು ತಪ್ಪಿದನೆಂದು ಉಳಿದ ಐವರು ಇನ್ನಷ್ಟು ಎಚ್ಚರದಿಂದ ಎಳೆಯುತ್ತಿದ್ದಾರೆ ಎಂಬುದು ಡೆನ್ಜಿಲ್‌ಗೆ ಅರ್ಥವಾಯಿತು. ಮೀಸೆಯವನು ಕೂಡ. ಅದು ಅವನಿಗೆ ಬೈಗುಳಕ್ಕಿಂತ ಕಷ್ಟವಾಯಿತು, ಆದರೂ ಎಲ್ಲೋ ಒಳಗೆ ಬೆಚ್ಚಗಾಯಿತು.

ಪ್ರಾರ್ಥನೆಯ ಹೊತ್ತಿಗೆ ಹಿಂದಿನ ಬೆಂಚಿನಲ್ಲಿ ಬೆರಿಲ್‌ಳ ಪಕ್ಕ ಕುಳಿತ. ಗಂಟೆಯವನ ಹೆಂಡತಿಗೆ ಕಿವಿಯಿರುತ್ತದೆ. ಅವಳು ಅವನ ಕೈಯನ್ನು ಹಿಡಿದು ತನ್ನ ಮಡಿಲಿನ ಕೈಚೀಲದ ಮೇಲೆ ಇಟ್ಟುಕೊಂಡಳು. ಮುಂದಿನ ಸಾಲಿನಲ್ಲಿ ಐವಿಯ ಕಪ್ಪು ಹ್ಯಾಟು ಕಾಣುತ್ತಿತ್ತು. ಅವಳ ಹೆಗಲು ನಡುಗುತ್ತಿತ್ತು. ಕರವಸ್ತ್ರವನ್ನು ಬಾಯಿಗೆ ಒತ್ತಿಕೊಂಡಿದ್ದಳು, ಒಂದು ಸಲ ಸಣ್ಣ ದನಿಯೂ ಬಂತು. ಅಲ್ಲಿನವರು ಶವದ ಮುಂದೆ ದನಿ ಮಾಡಿ ಅಳುವವರಲ್ಲ. ತಾನು ಅವಳನ್ನು ಹಾಗೆ ಅಳಿಸಿದೆ ಎಂದುಕೊಂಡ ಡೆನ್ಜಿಲ್. ಮಣ್ಣಿಗಿಡುವಾಗ ಎಲ್ಲರಿಗಿಂತ ಹಿಂದೆ, ಹಳೆಯ ಕಲ್ಲೊಂದರ ಮರೆಯಲ್ಲಿ ನಿಂತ. ವಿಲ್ಫ್, ಮನ್ನಿಸು ಎನ್ನಬೇಕೆಂದಿದ್ದ. ನಿನ್ನಿಂದ ಬದುಕಿದೆ ಎಂಬ ಮಾತು ಮುಂದೆ ಬಂದು ನಿಂತು ಅದಕ್ಕೆ ದಾರಿ ಬಿಡಲಿಲ್ಲ.

ಆಮೇಲೆ ಊರಿನ ಸಭಾಂಗಣದಲ್ಲಿ ಚಹಾ, ಹ್ಯಾಮಿನ ಸ್ಯಾಂಡ್‌ವಿಚ್, ಕೆನೆ ಸವರಿ ಮೇಲೆ ಜಾಮ್ ಇಟ್ಟ, ಸ್ಕೋನು ಎಂಬ ಸಣ್ಣ ಬನ್ನು. ಮೀಸೆಯವನು ಒಂದು ಗುಂಪಿನಲ್ಲಿ ನಿಂತು ಕೈಯಾಡಿಸುತ್ತ ಏನೋ ಹೇಳುತ್ತಿದ್ದ, ಗುಂಪು ತಗ್ಗಿದ ದನಿಯಲ್ಲಿ ನಗುತ್ತಿತ್ತು. ಗಿಲಿಯನ್ ತಟ್ಟೆ ಹಿಡಿದು ನೇರ ಡೆನ್ಜಿಲ್‌ನ ಎದುರಿಗೆ ಬಂದಳು. "ಆರಕ್ಕೆ ಆರೂ ತಪ್ಪು. ಒಂದನ್ನಾದ್ರೂ ಅಪ್ಪಿತಪ್ಪಿ ಸರಿಯಾಗಿ ಕಟ್ಟಿದ್ರೆ ಕಿವಿ ಹರಿದುಹೋಗ್ತಿತ್ತು. ತಪ್ಪಲ್ಲೂ ಶಿಸ್ತು ಕಣೋ ನಿಂದು," ಎಂದು ಅವನ ತಟ್ಟೆಗೆ ಕೇಳದೆಯೇ ಎರಡು ಸ್ಕೋನು ಹಾಕಿದಳು. ಚಹಾ ಮುಗಿದ ಮೇಲೆ ಇನ್ನೊಮ್ಮೆ ಬಾರಿಸಿ ಗಂಟೆ ಇಳಿಸುವುದು ಅವರ ಪದ್ಧತಿ. ಅದಕ್ಕೆ ಮುಂಚೆ ಒಮ್ಮೆ ಇಳಿಸಿಕೊಂಡು, ತಾನೂ ಕ್ಲೈವ್‌ನೂ ಹತ್ತಿ ತಿರುಗಿಸಿ ಕಟ್ಟುತ್ತೇವೆ, ನೀನು ಟಾರ್ಚು ಹಿಡಿದರೆ ಸಾಕು ಎಂದಳು. ಮತ್ತೆ ಟಾರ್ಚು. ಡೆನ್ಜಿಲ್ ತಲೆಯಾಡಿಸಿದ. ತಟ್ಟೆಯನ್ನು ಕಿಟಕಿಕಟ್ಟೆಯ ಮೇಲಿಟ್ಟು, ಇನ್ನು ತಡಮಾಡಿದರೆ ಇದೂ ನಾಳೆಯ ಮಾತಾಗುತ್ತದೆ ಎಂದು, ಐವಿ ಕುಳಿತಲ್ಲಿಗೆ ಹೋದ.

ಎಂಬತ್ತು ದಾಟಿದ ಐವಿ ಗೋಡೆಯ ಪಕ್ಕದ ಕುರ್ಚಿಯಲ್ಲಿ ಕಾಲು ನೆಲ ಮುಟ್ಟದಂತೆ ಕುಳಿತಿದ್ದಳು. ಹಾಲು ಹಾಕುತ್ತಿದ್ದ ಕಾಲದಿಂದಲೂ ಅವನು ಅವಳನ್ನು ಹೆಸರು ಹಿಡಿದು ಕರೆದವನಲ್ಲ. "ಮಿಸೆಸ್ ಲಸ್ಕೂಂಬ್, ಇವತ್ತು ನಾನು..." ಎಂದು ಶುರುಮಾಡಿದ. ತಪ್ಪಾಯಿತು ಎಂದು ಬಾಯಿಪಾಠ ಮಾಡಿಕೊಂಡು ಬಂದಿದ್ದ. ಬಾಯಿಂದ ಬಂದದ್ದು ಬೇರೆ. "ರೌಂಡು ಹೋದ ಮೇಲೆ ನಾನು ಎಲ್ಲಿ ಹೋಗಿ ಬೀಳ್ತಿದ್ನೋ ಗೊತ್ತಿಲ್ಲ. ಬೆರಿಲ್‌ಗೂ ಹೇಳಿಲ್ಲ ಇದನ್ನ. ಸೇತುವೆ ಮೇಲೆ ಸುಮ್ನೆ ನಿಂತ್ಕೋತಿದ್ದೆ. ವಿಲ್ಫ್ ಒಂದು ಹಗ್ಗ ಕೊಟ್ಟ. ಅವನಿಗೆ ಒಂದು ಸಲಾನೂ ಥ್ಯಾಂಕ್ಸ್ ಅಂತ ಅಂದಿಲ್ಲ ನಾನು. ಇವತ್ತು ಅದಕ್ಕೇ ಅಂತ ಹತ್ತಿದ್ದು, ಅದನ್ನೂ ಕೆಡಿಸ್ಬಿಟ್ಟೆ."

ಐವಿ ಅವನನ್ನು ಪಕ್ಕದ ಕುರ್ಚಿಗೆ ಎಳೆದು ಕೂರಿಸಿದಳು. "ತೊಗಲು ಡೆನ್ಜಿಲ್ ಕಟ್ಲಿ ಅಂತ ಹೇಳಿದ್ದು ನಾನಲ್ಲ ಮಗಾ, ಅವನೇ," ಎಂದಳು. "ಆಸ್ಪತ್ರೇಲಿ ಹೇಳ್ದ. ಮೊದಲ್ನೇ ಸಲ ತಪ್ಪೇ ತಪ್ತಾನೆ, ನಾನೂ ತಪ್ಪಿದ್ದೆ, ಎಲ್ರೂ ತಪ್ತಾರೆ. ಬೇರೆ ಯಾರ್ದೋ ಮಣ್ಣಿನ ದಿನ ತಪ್ಪಿದ್ರೆ ಆ ಮನೆಯವ್ರು ಅವನನ್ನ ಬಿಡಲ್ಲ. ನಂದ್ರಲ್ಲಿ ತಪ್ಪಿ ಕಲ್ತ್ಕೊಳ್ಲಿ, ನನಗೇನು ಕೇಳಿಸುತ್ತಾ ಅಂದ."

ಕೆಲವರು ಬದುಕಿದ್ದಾಗ ಹೆಗಲು ಕೊಡುತ್ತಾರೆ. ಈ ಮನುಷ್ಯ ತನ್ನ ಕೊನೆಯ ಮರ್ಯಾದೆಯನ್ನೇ ತೆಗೆದು, ಇದನ್ನು ಕೆಡಿಸ್ಕೋ ಹೋಗು, ಎಂದು ಡೆನ್ಜಿಲ್‌ನ ಕೈಗೆ ಕೊಟ್ಟು ಹೋಗಿದ್ದ. ಇದನ್ನು ತೀರಿಸಲು ಸಾಧ್ಯವೇ ಇಲ್ಲ ಎಂದು ಅವನಿಗೆ ಹೊಳೆಯಿತು. ಹೊಳೆದದ್ದೇ, ಬೆಳಗಿನಿಂದ ಎದೆಯ ಮೇಲೆ ಕೂತಿದ್ದದ್ದು ಇಳಿದುಹೋಯಿತು. ತೀರಿಸಬೇಕಾಗಿಲ್ಲ, ಇಟ್ಟುಕೊಳ್ಳಬೇಕು. ಆದರೂ ಒಂದು ಉಳಿದಿತ್ತು. ಚರ್ಚಿನಲ್ಲಿ ನಿಮ್ಮನ್ನು ಅಳಿಸಿಬಿಟ್ಟೆನಲ್ಲ ಎಂದ. ಐವಿ ಅವನನ್ನು ವಿಚಿತ್ರವಾಗಿ ನೋಡಿದಳು. ಅವಳ ಹೆಗಲು ಮತ್ತೆ ನಡುಗಲು ಶುರುವಾಯಿತು. ಹತ್ತಿರದಿಂದ ನೋಡಿದರೆ ಅದು ನಗು.

"ನಮ್ಮನೇಲಿ ಅವನು ಯಾವತ್ತು ಮೊದಲ ಸಲಕ್ಕೆ ಕೇಳೋ ಹಾಗೆ ಮಾತಾಡಿದಾನೆ? ಗಡ್ಡದೊಳಗೇ ಗೊಣಗೋನು. ನಾನು, ಏನಂದೆ ಅನ್ನೋಳು. ಆಮೇಲೆ ಊರಿಗೆಲ್ಲ ಕೇಳೋ ಹಾಗೆ ಕಿರಿಚೋನು. ನನಗೆ ಗೊತ್ತಾದಾಗಿಂದ ಹೀಗೇ. ಚಹಾ ಬೇಕು ಅನ್ನೋದಕ್ಕೂ ಹೀಗೇ, ನನ್ನನ್ನ ಮದುವೆ ಆಗ್ತೀಯಾ ಅಂತ ಕೇಳ್ದಾಗ್ಲೂ ಹೀಗೇ. ಪೆಟ್ಟಿಗೆ ಹಿಂದೆ ನಡ್ಕೊಂಡು ಬರ್ತಿದೀನಿ, ಮೇಲಿಂದ ಗೊಣಗಿದ್ದು ಕೇಳಿಸ್ತು, ಆಮೇಲೆ ಕಿರಿಚಿದ್ದು. ಪಾದ್ರಿ ಮುಂದೆ ನಗು ತಡ್ಕೊಳ್ಳೋಕಾಗ್ದೆ ಸತ್ತೆ ಕಣೋ ನಾನು." ಕಣ್ಣೊರೆಸಿಕೊಂಡು, ಗಿಲಿಯನ್‌ಗೆ ಹೇಳು, ಯಾರೂ ಹತ್ತಬೇಡಿ, ಇವತ್ತಿಗೆ ಅದು ಹಾಗೇ ಇರಲಿ ಎಂದಳು. ಆಮೇಲೆ ಬೆರಳೆತ್ತಿ ಎಚ್ಚರಿಸಿದಳು, "ಮುಂದಿನ್ದು ನಂದೇ ಇರ್ಬೋದು. ಅವಾಗ ಸರಿಯಾಗಿ ಕಟ್ಟು. ನಾನು ಹೇಳಿದ್ದು ಮೊದಲ ಸಲಕ್ಕೇ ಕೇಳಿಸ್ಬೇಕು."

ಸಂಜೆಗೆ ಮುಂಚೆ ಮತ್ತೆ ಆರು ಜನ ದುಂಡಗೆ ನಿಂತರು. ಐವಿ ತಾನೂ ಬರುತ್ತೇನೆಂದು ಹಟ ಹಿಡಿದು ಬಂದು, ಗೋಡೆಯ ಬದಿಯ ಬೆಂಚಿನಲ್ಲಿ ಹ್ಯಾಟನ್ನು ಮಡಿಲಿಗೆ ತೆಗೆದಿಟ್ಟುಕೊಂಡು ಕುಳಿತಿದ್ದಳು. ಗಿಲಿಯನ್ ಎಲ್ಲರನ್ನೂ ಒಮ್ಮೆ ನೋಡಿ ಹುಷಾರು ಎಂದಳು. ಹಗ್ಗಗಳು ಹೊರಟವು. ಮೇಲೆ ಆರು ದನಿ, ಮೆತ್ತೆಯ ಒಳಗಿಂದ, ಯಾರೋ ಗಡ್ಡದೊಳಗೇ ಏನೋ ಹೇಳಿಕೊಂಡಂತೆ ಮೆಟ್ಟಿಲು ಇಳಿದವು. ಐವಿ ಚಾವಣಿಯತ್ತ ತಲೆಯೆತ್ತಿ, ಅಡುಗೆಮನೆಯಿಂದ ಕೇಳಿದಷ್ಟೇ ಸಹಜವಾಗಿ, "ಏನಂದೆ?" ಎಂದಳು. ಆರೂ ಗಂಟೆಗಳು ಬಾಯಿಬಿಟ್ಟು ಕೂಗಿದವು. ಕ್ಲೈವ್‌ನ ದೊಡ್ಡ ಮುಖ ಮುದುಡಿತು. ಮೀಸೆಯವನು ಕೆಳತುಟಿ ಕಚ್ಚಿಕೊಂಡ. ಗಿಲಿಯನ್‌ಳ ಕೆನ್ನೆಯ ಮೇಲೆ ನೀರು ಇಳಿದು ಗಲ್ಲದಲ್ಲಿ ನಿಂತಿತ್ತು, ಅದು ಡೆನ್ಜಿಲ್‌ಗೆ ಕಾಣುತ್ತಿತ್ತು, ಅವನದು ಅವಳಿಗೆ ಕಾಣುತ್ತಿತ್ತು. ಯಾರ ಕೈಯೂ ಖಾಲಿಯಿರಲಿಲ್ಲ; ಯಾರೂ ಒರೆಸಿಕೊಳ್ಳಲಿಲ್ಲ.